ಮನೆವಾರ್ತೆಯ ಮಾತು: ಬಂದೂಕಿನ ಜಂಗಿಗೆ ಯಾವ ಎಣ್ಣೆ?

ಖಾನಾಪುರ ತಾಲೂಕಿನ ಜಾಂಬೋಟಿಯ ಕಡೆಯಿಂದ ಸೋದರಿಯೊಬ್ಬರು ಬರೆದ ಪತ್ರವು ನಮ್ಮ ಮುಂದಿದೆ. ಉಪ್ಪಿನಕಾಯಿಗೆ ಬಂದ ಬೂಸಲು, ಅಕ್ಕಿಯ ನುಸಿ, ರೇಶಿಮೆ ಸೀರೆಯ ಕಲೆ ಇವುಗಳ ವಿಷಯವಾಗಿ ಪತ್ರಗಳು ಬರುವದು ಈ ಪುಟಕ್ಕೆ ವಾಡಿಕೆಯ ಮಾತು. ಬಂದೂಕಿನ ವಿಷಯವಾಗಿ ಬಂದುದು ಇದೇ ಮೊದಲು. ಆದರೂ ಇದನ್ನು ಬದಿಗಿಡುವ ಮನಸ್ಸಾಗಲಿಲ್ಲ. ಯಾಕಂದರೆ ಪತ್ರದ ಕೊನೆಗೆ ಆ ತಾಯಿಯವರು, “ರಾತ್ರಿ ಇವರು ಅದನ್ನು ಹೆಗಲಿಗೇರಿಸಿಕೊಂಡು ಗದ್ದೆಯ ಕಾವಲಿಗೆ ಹೋದರೆ ನನಗೆ ನಿದ್ರೆ ಹತ್ತುವದಿಲ್ಲ” ಎಂದು ಬರೆದಿದ್ದಾರೆ.

ಸಂಗತಿ ಇಷ್ಟೇ. ಅವರ ಯಜಮಾನರ ಹೆಸರಿನಲ್ಲಿ ಬೆಳೆಯ ಸಂರಕ್ಷಣೆಗಾಗಿ ಲೈಸೆನ್ಸು ಪಡೆದ ಹಳೆಯದೊಂದು ಕೇಪಿನ ಬಂದೂಕು ಮನೆಯಲ್ಲಿದೆ. ಬಾಯಿಂದ ಮದ್ದು ತುಂಬಿ ಗಜದಿಂದ ಜಡಿಯುವ ತರದ್ದು. ಗದ್ದೆಯು ಕಾಡಿನ ಅಂಚಿಗಿದೆ. ಭತ್ತವು ತೆನೆಗಟ್ಟಿತೆಂದರೆ ಹಂದಿಗಳು ಹಿಂಡುಗಟ್ಟಿ ಇಳಿಯುವವು. ವನ್ಯಜೀವಿಗಳನ್ನು ಅಪ್ಪಣೆಯಿಲ್ಲದೆ ಕೊಲ್ಲುವದು 1972ರ ಕಾಯದೆಯಂತೆ ಅಪರಾಧವೆಂಬದನ್ನು ಬಲ್ಲ ಆ ಗೃಹಸ್ಥರು ಬರಿಯ ಮದ್ದನ್ನು ಹಾರಿಸಿ ಸಪ್ಪಳದಿಂದ ಅವನ್ನು ಓಡಿಸುತ್ತಾರೆ. 2024ರ ಮಾರ್ಚಿ 16ರಂದು ಲೋಕಸಭೆಯ ಚುನಾವಣೆಯ ನೀತಿಸಂಹಿತೆ ಜಾರಿಗೆ ಬಂದ ಬಳಿಕ, ರೂಢಿಯಂತೆ ಬಂದೂಕನ್ನು ಒಪ್ಪಿಸಬೇಕಾಯಿತು. ಮೇ 7ಕ್ಕೆ ಮತದಾನವಾಗಿ ಜೂನ್ 4ಕ್ಕೆ ಫಲಿತಾಂಶ ಬಂದು, ಅದು ಮರಳಿ ಮನೆಗೆ ಬರುವಷ್ಟರಲ್ಲಿ ಮಿರಗದ ಮಳೆಯು ಹಿಡಿದುಕೊಂಡಿತ್ತು. ಬಟ್ಟೆ ಬಿಚ್ಚಿ ನೋಡಿದರೆ ನಳಿಗೆಯ ಮೇಲೆ ಕೆಂಪು ಹುಡಿ. ಉಜ್ಜಿ ತೆಗೆದರು. ಆದರೆ ಅಂದು ಹತ್ತಿದ ಜಂಗು ಪ್ರತಿ ಮಳೆಗಾಲಕ್ಕೂ ತಿರುಗಿ ಅದೇ ಸ್ಥಳದಲ್ಲಿ ತಲೆಯೆತ್ತುತ್ತಿದೆ. ಬೆಳಗಾವಿಗೆ ಹೋಗಿ ಮೂವರನ್ನು ವಿಚಾರಿಸಿದರಂತೆ. ಒಬ್ಬರು ಡಬ್ಲ್ಯೂಡಿ-40 ಎಂಬ ಸಿಂಪಡಿಸುವ ಡಬ್ಬಿಯನ್ನು ತೋರಿಸಿದರು. ಒಬ್ಬರು ಗ್ರೀಸು ಮೆತ್ತಿರಿ ಎಂದರು. ಮೂರನೆಯವರು ಕೊಬ್ಬರಿ ಎಣ್ಣೆಗಿಂತ ಮಿಗಿಲಾದದ್ದು ಇಲ್ಲವೆಂದು ಆಣೆಯಿಟ್ಟು ಹೇಳಿದರು. ಮೂರರಲ್ಲಿ ಯಾವದು ಮೇಲು ಎಂಬದು ಪ್ರಶ್ನೆ.

ಎಲ್ಲಿ, ಯಾರ ಕೈಯಲ್ಲಿ ಜಂಗು ಹತ್ತಿತೆಂಬ ದೂರು ನಮಗೆ ಬೇಡ. ನಮ್ಮ ಸೀಮೆಯ ಮಳೆಗಾಲದಲ್ಲಿ ಅದು ದೇವರ ಪೆಟ್ಟಿಗೆಯೊಳಗೂ ಹತ್ತೀತು. ಬೆಳಗಾವಿಯ ಊರಲ್ಲಿ ವರ್ಷಕ್ಕೆ ಸುಮಾರು 1,300 ಮಿಲಿಮೀಟರು ಮಳೆಯಾದರೆ, ಮಲಪ್ರಭೆಯು ಹುಟ್ಟುವ ಕಣಕುಂಬಿಯಲ್ಲಿ ಅದರ ಎರಡು ಮೂರು ಪಾಲು ಸುರಿಯುವದು. ಇನ್ನು ಮಳೆಗಿಂತ ಕೆಟ್ಟದ್ದು ಹವೆಯಲ್ಲಿಯ ಪಸೆ. ಕಬ್ಬಿಣಕ್ಕೆ ಜಂಗು ಹತ್ತಲಿಕ್ಕೆ ನೀರಿನ ಹನಿಯೇ ಬೀಳಬೇಕೆಂದಿಲ್ಲ. ಹವೆಯ ಆರ್ದ್ರತೆಯು ನೂರಕ್ಕೆ 60ನ್ನು ದಾಟಿತೆಂದರೆ ಜಂಗಿನ ವೇಗವು ಒಮ್ಮೆಲೆ ಏರುವದೆಂದು ಇಂಗ್ಲೆಂಡಿನ ವರ್ನನ್ ಎಂಬ ವಿಜ್ಞಾನಿಯು ಸುಮಾರು ನೂರು ವರ್ಷಗಳ ಹಿಂದೆಯೇ ತೋರಿಸಿಕೊಟ್ಟನು. ನಮ್ಮಲ್ಲಿ ಆಷಾಢ ಶ್ರಾವಣಗಳಲ್ಲಿ ಅದು 85, 90ರ ಮೇಲೆಯೇ ಇರುತ್ತದೆ. ಹಪ್ಪಳವು ಡಬ್ಬಿಯೊಳಗೆ ಮೆತ್ತಗಾಗುವ ಕಾಲವಷ್ಟೇ. ಹಪ್ಪಳ ಮೆತ್ತಗಾಗುವ ಮನೆಯಲ್ಲಿ ಕಬ್ಬಿಣವು ತಾನಾಗಿ ಸುಖವಾಗಿರಲಾರದು.

ಎಣ್ಣೆಗಳ ತೂಕ ಮಾಡುವ ಮೊದಲು ಒಂದು ಮಾತನ್ನು ಹೇಳಲೇಬೇಕು. ಇದನ್ನು ತಿಳಿಯದೆ ಎಷ್ಟು ಬೆಲೆಯ ಎಣ್ಣೆ ತಂದರೂ ವ್ಯರ್ಥ. ಹಾರಿಸಿದ ಬಂದೂಕಿನ ನಳಿಗೆಯಲ್ಲಿ ಉಳಿಯುವ ಮಸಿಯು ಬರಿಯ ಮಸಿಯಲ್ಲ, ಅದರಲ್ಲಿ ಉಪ್ಪುಗಳಿರುತ್ತವೆ. ಕರಿಮದ್ದು ಎಂದರೆ ಪೆಟ್ಲುಪ್ಪು, ಗಂಧಕ, ಇದ್ದಲು. ಅದು ಸುಟ್ಟಮೇಲೆ ಉಳಿಯುವ ಬೂದಿಯಲ್ಲಿಯ ಪೊಟ್ಯಾಶಿಯಂ ಕಾರ್ಬೋನೇಟು ಹವೆಯ ನೀರನ್ನು ಎಳೆದುಕೊಂಡು ಒದ್ದೆಯಾಗಿಯೇ ಇರುವದು. ಕೇಪಿನ ಮದ್ದಿನಲ್ಲಿ ಪೊಟ್ಯಾಶಿಯಂ ಕ್ಲೋರೇಟು ಇದ್ದರಂತೂ ಸಿಡಿದ ಬಳಿಕ ನಮ್ಮ ಅಡಿಗೆಯ ಉಪ್ಪಿನ ಅಣ್ಣನಂತಹ ಕ್ಲೋರೈಡು ನಳಿಗೆಗೆ ಮೆತ್ತಿಕೊಳ್ಳುವದು. 1920ರ ಸುಮಾರಿಗೆ ಅಮೆರಿಕದ ಸರಕಾರದ ಗಣಿ ಇಲಾಖೆಯವರು ಶೋಧ ಮಾಡಿ, ರೈಫಲುಗಳ ನಳಿಗೆ ಕೆಡುವದು ಹೊಗೆಯಿಂದಲ್ಲ, ಈ ಉಪ್ಪಿನಿಂದ ಎಂದು ಸಿದ್ಧಪಡಿಸಿದರು. ಉಪ್ಪು ಎಣ್ಣೆಯಲ್ಲಿ ಕರಗುವದೇ? ಒಗ್ಗರಣೆ ಹಾಕುವ ಯಾವ ಗೃಹಿಣಿಯೂ ಇದಕ್ಕೆ ಉತ್ತರ ಹೇಳಬಲ್ಲಳು. ಕರಗುವದಿಲ್ಲ. ಅಂದಮೇಲೆ ಹಾರಿಸಿದ ಬಂದೂಕನ್ನು ತೊಳೆಯದೆ ಮೇಲೆ ಎಣ್ಣೆ ಸವರುವದೆಂದರೆ, ಉಪ್ಪನ್ನು ಒಳಗಿಟ್ಟು ಮುಚ್ಚಳ ಹಾಕಿದಂತೆ. ಜಂಗು ಎಣ್ಣೆಯ ಕೆಳಗೆ ಕೂತು ತನ್ನ ಕೆಲಸ ಮಾಡಿಕೊಳ್ಳುವದು.

ಆದುದರಿಂದ ಮೊದಲು ನೀರು, ಆಮೇಲೆ ಎಣ್ಣೆ. ನೀರು ಕಬ್ಬಿಣಕ್ಕೆ ವೈರಿಯಲ್ಲವೇ ಎಂದು ಅಂಜಬಾರದು. ಕುದಿಯುವ ನೀರನ್ನು ಲಾಳಿಕೆಯಿಂದ ನಳಿಗೆಯೊಳಗೆ ಹೊಯ್ದರೆ ಉಪ್ಪು ಕರಗಿ ಹೋಗುವದು. ಕಬ್ಬಿಣವು ಕಾಯ್ದು, ಉಳಿದ ಪಸೆಯು ತಾನಾಗಿ ಆರುವದು. ಹಿಂದಿನ ಬ್ರಿಟಿಶ್ ಸೈನ್ಯದಲ್ಲಿ .303 ರೈಫಲುಗಳಿಗೆ ಇದೇ ಕ್ರಮವಿತ್ತು. ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿದಳದ ಕೇಂದ್ರವಿರುವದರಿಂದ ನಮ್ಮ ಸುತ್ತಲಿನ ಹಳ್ಳಿಗಳಲ್ಲಿ ಪೆನ್ಶನ್ ಪಡೆದ ಸಿಪಾಯಿಗಳು ಕಡಿಮೆಯಿಲ್ಲ. ಅವರಲ್ಲಿ ಹಿರಿಯರನ್ನು ಕೇಳಿ ನೋಡಿರಿ. ಬಿಸಿನೀರು, ಒಣ ಚಿಂದಿ, ಎಣ್ಣೆಯ ಚಿಂದಿ ಎಂದು ಬಾಯಿಪಾಠದಂತೆ ಹೇಳುವರು. ಮರುದಿನ ಇನ್ನೊಮ್ಮೆ ಒಣ ಚಿಂದಿ ಹಾಕಿ ನೋಡಬೇಕು. ಚಿಂದಿ ಕೆಂಪಾಗಿ ಬಂದರೆ ಮತ್ತೆ ಮೊದಲಿನಿಂದ.

ಇನ್ನು ಎಣ್ಣೆಗಳ ವಿಚಾರ. ಇಲ್ಲಿ ಜನರು ಮಾಡುವ ತಪ್ಪೇನೆಂದರೆ, ನೀರನ್ನು ಓಡಿಸುವ ಎಣ್ಣೆಯೂ ಕಬ್ಬಿಣವನ್ನು ಕಾಯುವ ಎಣ್ಣೆಯೂ ಒಂದೇ ಎಂದು ತಿಳಿಯುವದು. ಕಸಬರಿಗೆ ಬೇರೆ, ಕದ ಬೇರೆ.

ಡಬ್ಲ್ಯೂಡಿ-40 ಎಂಬದು ಕಸಬರಿಗೆಯ ಜಾತಿಯದು. 1953ರಲ್ಲಿ ಅಮೆರಿಕದ ಸ್ಯಾನ್ ಡಿಯೆಗೋದಲ್ಲಿ ಒಂದು ಸಣ್ಣ ಕಂಪನಿಯವರು ನೀರನ್ನು ಹೊರದೂಡುವ ದ್ರವವನ್ನು ಮಾಡಹೋಗಿ, ನಾಲ್ವತ್ತನೆಯ ಯತ್ನದಲ್ಲಿ ಗೆದ್ದರೆಂದು ಅದಕ್ಕೆ ಆ ಹೆಸರು. ಅಟ್ಲಾಸ್ ಎಂಬ ಕ್ಷಿಪಣಿಯ ತೆಳು ಹೊದಿಕೆಗೆ ಜಂಗು ಹತ್ತದಂತೆ ಅದನ್ನು ಮೊದಲು ಬಳಸಿದರು. ಒದ್ದೆಯಾಗಿ ಬಂದ ಬಂದೂಕಿನ ಸಂದುಗೊಂದಿನೊಳಗಿನ ನೀರನ್ನು ಹೊರಹಾಕಲಿಕ್ಕೆ ಅದು ಉತ್ತಮವೇ ಸರಿ. ಆದರೆ ಅದರ ಬಹುಭಾಗವು ಆವಿಯಾಗಿ ಹೋಗಿ, ಹಿಂದೆ ಉಳಿಯುವ ಪದರು ಬಲು ತೆಳುವಾದದ್ದು. ಮಿರಗಕ್ಕೆ ಸಿಂಪಡಿಸಿ ದಸರೆಯವರೆಗೆ ಮರೆತರೆ ಕೆಲಸ ಕೆಟ್ಟಿತು. ಸಿಂಪಡಿಸಿ, ಒರೆಸಿ, ಅದರ ಮೇಲೆ ಬೇರೊಂದನ್ನು ಹಚ್ಚತಕ್ಕದ್ದು. ಸೀಮೆಎಣ್ಣೆಯೂ ಇದೇ ಜಾತಿ; ತೊಳೆಯಲಿಕ್ಕೆ ಬಂದೀತು, ಕಾಯಲಿಕ್ಕೆ ಬಾರದು.

ಕೊಬ್ಬರಿ ಎಣ್ಣೆಯ ಮಾತಿಗೆ ನಮ್ಮ ಮನೆಯದೇ ಸಾಕ್ಷಿಯಿದೆ. ನಮ್ಮ ಸೋದರಮಾವನವರು ಕಬ್ಬಿನ ಹೊಲದ ಕಾವಲಿಗೆ ಇಂಥದೇ ಬಂದೂಕನ್ನು ಇಟ್ಟುಕೊಂಡಿದ್ದರು. ತಲೆಗೂ ಬಂದೂಕಿಗೂ ಒಂದೇ ಶೀಶೆ. ಮಳೆಗಾಲವೆಲ್ಲ ಸುರಳೀತವಾಗಿ ನಡೆಯಿತು. ಮಾರ್ಗಶಿರದ ಚಳಿಯಲ್ಲಿ ಒಂದು ರಾತ್ರಿ ಹಂದಿ ಬಂದಿತೆಂದು ಕುದುರೆ ಎಳೆದರೆ, ಅದು ನಿದ್ದೆಯಿಂದೆದ್ದವರಂತೆ ಮೆಲ್ಲಗೆ ಬಂದು ಕೇಪಿನ ಮೇಲೆ ಕೂತಿತು! ಸಪ್ಪಳವಿಲ್ಲ, ಹೊಗೆಯಿಲ್ಲ. ಕೊಬ್ಬರಿ ಎಣ್ಣೆಯು 24 ಅಂಶ ಉಷ್ಣತೆಯ ಕೆಳಗೆ ಹೆಪ್ಪುಗಟ್ಟುವದು ನಮಗೆಲ್ಲ ಗೊತ್ತು; ಸ್ನಾನದ ಮುಂಚೆ ಶೀಶೆಯನ್ನು ಬಿಸಿನೀರಲ್ಲಿಡುವ ಮನೆಯವರೇ ಅದನ್ನು ಬಂದೂಕಿನ ಕೀಲಿಗೆ ಹಾಕಿ ಮರೆತಿದ್ದರು. ಹಂದಿಯು ತನ್ನ ಪಾಡಿಗೆ ಕಬ್ಬು ಜಗಿದು ಹೋಯಿತು. ಮಾವನವರು ಮಾತ್ರ ಆ ಕಥೆಯನ್ನು ಯಾರಾದರೂ ತೆಗೆದರೆ ಎದ್ದು ಹೋಗುತ್ತಿದ್ದರು.

ಅಡಿಗೆಯ ಉಳಿದ ಎಣ್ಣೆಗಳೂ ಅಷ್ಟೇ. ಹವೆಗೆ ಹಳಸಿ ಹುಳಿಯಾಗುವವು. ಆ ಹುಳಿಯು ಕಬ್ಬಿಣವನ್ನು ಕಾಯುವದರ ಬದಲು ತಿನ್ನುವದು. ಅಗಸೆ ಕುಸುಬೆಗಳ ಎಣ್ಣೆಯು ಒಣಗಿ ಅಂಟಿನ ಪೊರೆಯಾಗುವ ಜಾತಿಯದು. ಅಗಸೆ ಎಣ್ಣೆಯನ್ನು ಮರದ ಹಿಡಿಗೆ ತಿಕ್ಕಿರಿ, ಒಳ್ಳೆಯ ಮೆರುಗು ಬರುವದು, ಕೀಲಿಗೆ ಬೇಡ. ಔಡಲೆಣ್ಣೆಯು ಒಣಗುವದಿಲ್ಲವೆಂಬದು ನಿಜ. ಆದರೆ ಬಂಡಿಯ ಗಾಲಿಗೆ ತಕ್ಕ ಆ ಮಂದವು ಬಂದೂಕಿನ ಕಮಾನಿಗೆ ತಕ್ಕದ್ದಲ್ಲ.

ಹಳೆಯ ಬೇಟೆಗಾರರು ರಂಗೂನ್ ಎಣ್ಣೆ ಎಂದೊಂದನ್ನು ಕೊಂಡಾಡುತ್ತಿದ್ದರು. ಬರ್ಮಾದ ನೆಲದೆಣ್ಣೆಯಿಂದ ತೆಗೆದ ಖನಿಜ ಎಣ್ಣೆಯದು. ಅದರ ಗುಣವು ಹೆಸರಿನಲ್ಲಿರದೆ ಜಾತಿಯಲ್ಲಿತ್ತು: ಖನಿಜ ಎಣ್ಣೆಯು ಹಳಸುವದಿಲ್ಲ, ಹುಳಿಯಾಗುವದಿಲ್ಲ. ಇಂದು ಆ ಸ್ಥಾನದಲ್ಲಿ ಹೊಲಿಗೆಯಂತ್ರದ ಎಣ್ಣೆಯುಂಟು. ಪೇಟೆಯಲ್ಲಿ ಎಲ್ಲಿಯಾದರೂ ದೊರೆಯುವದು. ಕೀಲು, ಕಮಾನು, ಕುದುರೆ ಇವುಗಳಿಗೆ ಒಂದೊಂದು ತೊಟ್ಟು ಸಾಕು. ಜರ್ಮನಿಯಲ್ಲಿ 1904ರಿಂದ ಮಾಡುತ್ತ ಬಂದ ಬ್ಯಾಲಿಸ್ಟಾಲ್ ಎಂಬದೂ ಮೂಲತಃ ಖನಿಜ ಎಣ್ಣೆಯೇ. ಅದು ನೀರಿನೊಡನೆ ಹಾಲಿನಂತೆ ಬೆರೆಯುವದರಿಂದ ತೊಳೆಯುವ ಕೆಲಸಕ್ಕೂ ಕಾಯುವ ಕೆಲಸಕ್ಕೂ ಒದಗುವದು, ಸಿಕ್ಕರೆ ಕೊಳ್ಳಬಹುದು. ಆದರೆ ಸಿಗಲಿಲ್ಲವೆಂದು ಕೊರಗುವ ಕಾರಣವಿಲ್ಲ. ಇಂಥ ತೆಳು ಎಣ್ಣೆಗಳೆಲ್ಲಕ್ಕೂ ಒಂದೇ ಕುಂದು: ನಿಲ್ಲಿಸಿಟ್ಟ ಬಂದೂಕಿನಲ್ಲಿ ಕೆಳಗಿಳಿದು ಹೋಗುತ್ತವೆ. ಮಳೆಗಾಲದಲ್ಲಿ ಹದಿನೈದು ದಿವಸಕ್ಕೊಮ್ಮೆ ಹೊಸದಾಗಿ ಸವರುವ ಶಿಸ್ತು ಇದ್ದವರಿಗೆ ಮಾತ್ರ ಅವು ತಕ್ಕವು.

ತಿಂಗಳುಗಟ್ಟಲೆ ಮುಟ್ಟದೆ ಇಡುವದಿದ್ದರೆ ಬೇಕಾದದ್ದು ಕದ. ಬೆಳಗಾವಿಯವರು ಇದನ್ನು ದೂರ ಹುಡುಕಬೇಕಾಗಿಲ್ಲ. ಉದ್ಯಮಬಾಗದ ಎರಕದ ಕಾರಖಾನೆಗಳಲ್ಲಿ ಕಡೆದು ನಯಗೊಳಿಸಿದ ಬಿಡಿಭಾಗಗಳನ್ನು ಜುಲೈ ತಿಂಗಳಲ್ಲಿ ಒಂದು ರಾತ್ರಿ ಬರಿಮೈಯಲ್ಲಿ ಬಿಟ್ಟರೆ ಬೆಳಿಗ್ಗೆ ಬೆರಳಿನ ಗುರುತುಗಳಷ್ಟೇ ಕೆಂಪಾಗಿ ಎದ್ದು ತೋರುವವು. ಬೆವರಿನ ಉಪ್ಪಿನ ಮಹಿಮೆ! ಅದಕ್ಕಾಗಿ ಅಂಥ ಕಾರಖಾನೆಗಳಲ್ಲಿ ನೀರನ್ನು ಓಡಿಸಿ ಮೇಣದಂಥ ಪದರನ್ನು ಉಳಿಸುವ ಜಂಗುನಿರೋಧಕ ಎಣ್ಣೆಯಲ್ಲಿ ಅವುಗಳನ್ನು ಅದ್ದಿ ತೆಗೆಯುವರು. ರಸ್ಟಿಲೋ ಮುಂತಾದ ಹೆಸರುಗಳಿಂದ ಅದು ಮಾರಾಟವಾಗುವದು. ಯಂತ್ರದ ಸಾಮಾನಿನ ಅಂಗಡಿಯಲ್ಲಿ ಕೇಳಿ ಸ್ವಲ್ಪವನ್ನು ತರಿಸಿಕೊಂಡರೆ ಮಳೆಗಾಲವನ್ನು ನೀಗಿಸಬಹುದು. ನಮ್ಮ ತೂಕದಲ್ಲಿ ಜಾಂಬೋಟಿಯಂಥ ಊರಿನ ನಳಿಗೆಯ ಹೊರಮೈಗೆ ಮೊದಲ ಸ್ಥಾನ ಇದಕ್ಕೇ ಸಲ್ಲತಕ್ಕದ್ದು.

ಗ್ರೀಸು ಎಂದವರೂ ತಪ್ಪು ಹೇಳಲಿಲ್ಲ. ಮಹಾಯುದ್ಧದ ಕಾಲದ ರೈಫಲುಗಳನ್ನು ಕಾಸ್ಮೋಲೀನ್ ಎಂಬ ಕಂದು ಜಿಡ್ಡಿನಲ್ಲಿ ಮುಳುಗಿಸಿಟ್ಟು, ಹತ್ತಾರು ವರ್ಷಗಳ ಮೇಲೆ ಹೊಸದರಂತೆ ಹೊರತೆಗೆದಿದ್ದಾರೆ. ಔಷಧದಂಗಡಿಯ ಬಿಳಿಯ ಪೆಟ್ರೋಲಿಯಂ ಜೆಲ್ಲಿಯೂ ಅದರ ಬಳಗದ್ದೇ. ವಾಸನೆಯಿಲ್ಲ, ಬೆಲೆಯೂ ಹೆಚ್ಚಲ್ಲ. ಕುರಿಯ ಉಣ್ಣೆಯಿಂದ ತೆಗೆಯುವ ಲ್ಯಾನೊಲಿನ್ ಎಂಬ ಜಿಡ್ಡು ಇದಕ್ಕಿಂತಲೂ ಗಟ್ಟಿಯಾಗಿ ಕಬ್ಬಿಣವನ್ನು ಅಪ್ಪಿಕೊಳ್ಳುವದು. ಮಳೆಯಲ್ಲಿ ನೆನೆದರೂ ಕಂಬಳಿ ಹೊದ್ದವನ ಮೈ ಒಣಗಿರುವದೇಕೆಂಬದನ್ನು ಬಲ್ಲ ನಮ್ಮ ಕುರುಬರಿಗೆ ಇದು ಹೊಸ ಮಾತಲ್ಲ. ಆದರೆ ಒಂದು ಎಚ್ಚರಿಕೆ: ನಳಿಗೆಯೊಳಗೆ ಮೆತ್ತಿದ ಜಿಡ್ಡನ್ನು ಪೂರ್ತಿಯಾಗಿ ಒರೆಸಿ ತೆಗೆಯದೆ ಎಂದಿಗೂ ಹಾರಿಸಕೂಡದು. ಒಳಗೆ ಅಡ್ಡಿಯಾದರೆ ಒತ್ತಡ ಏರಿ ನಳಿಗೆಯು ಉಬ್ಬೀತು, ಸೀಳೀತು. ಗೋಡೆಗೆ ತೂಗುಹಾಕಿ ಅಂದಕ್ಕಾಗಿ ಇಟ್ಟ ಹಳೆಯ ಖಡ್ಗ ಕಠಾರಿಗಳಿಗಾದರೆ, ಬ್ರಿಟಿಶ್ ಮ್ಯೂಝಿಯಮ್ಮಿನವರು 1950ರ ದಶಕದಲ್ಲಿ ಸಿದ್ಧಪಡಿಸಿದ ರೆನೆಸಾನ್ಸ್ ಮೇಣವು ಒಳ್ಳೆಯದು, ಕೈಗೆ ಅಂಟುವದಿಲ್ಲ.

ಎಣ್ಣೆಯಾಯಿತು; ಇಡುವ ರೀತಿಯಲ್ಲಿ ನಾವು ಮಾಡುವ ತಪ್ಪುಗಳಿಗೆ ಯಾವ ಎಣ್ಣೆಯೂ ಮದ್ದಲ್ಲ. ತೊಗಲಿನ ಚೀಲದಲ್ಲಿ ಇಟ್ಟರೆ ಭದ್ರವೆಂದು ತಿಳಿಯುವರು. ತೊಗಲು ಪಸೆಯನ್ನು ಹೀರುವದು. ಹದ ಮಾಡುವಾಗ ಹಾಕಿದ ಹುಳಿ ಉಪ್ಪುಗಳು ಅದರಲ್ಲಿಯೇ ಇರುವವು. ಚೀಲವು ಹೊತ್ತೊಯ್ಯಲಿಕ್ಕೆ, ಇಡಲಿಕ್ಕಲ್ಲ. ನಳಿಗೆಯ ಬಾಯಿಗೆ ಅರಿವೆಯ ಬಿರಡೆಯನ್ನು ತುರುಕುವದೂ, ಪ್ಲಾಸ್ಟಿಕ್ಕಿನಲ್ಲಿ ಸುತ್ತುವದೂ ಪಸೆಯನ್ನು ಒಳಗೆ ಕೂಡಿಹಾಕಿದಂತೆ. ಖಂಡೇಪೂಜೆಯ ದಿನ ಅರಿಶಿಣ ಕುಂಕುಮ ಹಚ್ಚಿ, ನೀರು ಪ್ರೋಕ್ಷಿಸಿ, ಹಸಿ ಹೂವನ್ನಿಟ್ಟು, ವಿಜಯದಶಮಿಯ ಬನ್ನಿ ಮುಡಿದು ಬಂದು ನಾಲ್ಕು ದಿವಸ ಹಾಗೆಯೇ ಬಿಡುವ ಮನೆಗಳುಂಟು. ಪೂಜೆಯನ್ನು ಬಿಡಿರೆಂದು ನಾವು ಹೇಳುವವರಲ್ಲ. ಕುಂಕುಮವನ್ನು ಮರದ ಹಿಡಿಗೆ ಹಚ್ಚಿದರೆ ದೇವಿಯು ಮುನಿಯಲಾರಳು; ಅಂದು ಸಂಜೆಗೆ ಒರೆಸಿ ಎಣ್ಣೆ ಸವರಿದರಂತೂ ಮೆಚ್ಚಿಕೊಂಡಾಳು.

ಹಿಂದೆ ಕಾಡಿನ ಸೆರಗಿನ ಮನೆಗಳಲ್ಲಿ ಬಂದೂಕನ್ನು ಒಲೆಯ ಸಮೀಪದ ಗೋಡೆಗೆ ತೂಗುಹಾಕುವ ರೂಢಿಯಿತ್ತು. ಅಲ್ಲಿಯ ಕಾವಿಗೆ ಹವೆಯು ಒಣಗಿರುತ್ತಿತ್ತೆಂಬದೇ ಅದರ ಮರ್ಮ. ಈಗ ಅದನ್ನು ಕೀಲಿಯ ಕಪಾಟಿನೊಳಗೆ ಇಡುವದು ಲೈಸೆನ್ಸುದಾರರ ಕರ್ತವ್ಯವಾದ್ದರಿಂದ, ಆ ಒಲೆಯ ಕೆಲಸವನ್ನು ಸಿಲಿಕಾ ಜೆಲ್ ಎಂಬ ಹರಳುಗಳಿಂದ ಮಾಡಿಸಬೇಕು. ತೆಳುವಾದ ಅರಿವೆಯ ಚೀಲದಲ್ಲಿ ಕಟ್ಟಿ ಕಪಾಟಿನಲ್ಲಿಟ್ಟರೆ ಪಸೆಯನ್ನು ಕುಡಿಯುವವು. ಬಣ್ಣ ಬದಲಾದಾಗ ಕಾಯಿಸಿದರೆ ಮತ್ತೆ ಕೆಲಸಕ್ಕೆ ಬರುವವು. ನೀಲಿಯ ಹರಳುಗಳಲ್ಲಿ ವಿಷವಾದ ಕೋಬಾಲ್ಟು ಇರುವದರಿಂದ ಅಡಿಗೆಯ ಬಾಣಲೆಯಲ್ಲಿ ಕಾಯಿಸಬಾರದು. ಸುಣ್ಣದ ಹರಳು ಅಗ್ಗವೆಂದು ಇಡಬೇಡಿರಿ. ಹುಡಿಯಾಗಿ ಕೀಲಿಗೆಲ್ಲ ಸೇರುವದು. ಬಂದೂಕನ್ನು ಬಾಯಿ ಕೆಳಗಾಗಿ ನಿಲ್ಲಿಸಿದರೆ ಎಣ್ಣೆಯು ಮರದ ಹಿಡಿಗೆ ಇಳಿದು ಅದನ್ನು ಕೊಳೆಯಿಸುವದಿಲ್ಲ.

ಇದೆಲ್ಲ ಹಳ್ಳಿಯ ಬಡ ಬಂದೂಕಿನ ಗೋಳು ಎಂದು ಯಾರೂ ತಿಳಿಯಬಾರದು. ಸಂಪನ್ನವಾದ ಅಮೆರಿಕದ ಸೈನ್ಯವು 1966-67ರಲ್ಲಿ ವಿಯೆಟ್ನಾಮಿನ ಮಳೆಕಾಡಿಗೆ ಎಂ-16 ಎಂಬ ಹೊಸ ರೈಫಲನ್ನು ಕಳಿಸಿ ಇದೇ ಪಾಠವನ್ನು ಕಲಿಯಿತು. ಅದಕ್ಕೆ ಹೆಚ್ಚು ಶುಚಿಯ ಗೊಡವೆ ಬೇಡವೆಂಬ ಭಾವನೆ ಹಬ್ಬಿತ್ತು. ಶುಚಿಮಾಡುವ ಸಾಮಾನುಗಳೂ ಸಾಕಷ್ಟು ಹೋಗಲಿಲ್ಲ. ತೋಟೆ ಕೂಡುವ ಗೂಡಿಗೆ ಕ್ರೋಮಿಯಂ ಲೇಪವಿರಲಿಲ್ಲ. ಮದ್ದಿನ ದೋಷವೂ ಕೂಡಿಕೊಂಡು, ಜಂಗು ಹಿಡಿದ ಗೂಡಿನಲ್ಲಿ ತೋಟೆಗಳು ಸಿಕ್ಕಿಬಿದ್ದು, ಸಿಪಾಯಿಗಳು ಕೈಯಲ್ಲಿ ಸತ್ತ ರೈಫಲನ್ನು ಹಿಡಿದೇ ಪ್ರಾಣ ಕಳೆದುಕೊಂಡರು. ಲೇಪವೂ ಸಾಮಾನುಗಳೂ ಆಮೇಲೆ ಬಂದವು.

ಈಗ ಸೋದರಿಯವರ ಬಂದೂಕಿಗೆ ಬರೋಣ. ಹತ್ತಿದ ಜಂಗನ್ನು ತೆಗೆಯಲಿಕ್ಕೆ ಹುಣಸೆಹಣ್ಣು, ಲಿಂಬೆಹಣ್ಣು, ಉಸುಕು ಕಾಗದ ಬೇಡ. ಹಿತ್ತಾಳೆಯ ಪಾತ್ರೆಗೆ ಒಪ್ಪುವ ಹುಳಿಯು ನಳಿಗೆಯ ನೀಲಿಗಪ್ಪು ಬಣ್ಣವನ್ನೂ ಕಿತ್ತುಕೊಂಡು ಹೋಗುವದು. ಬರಿಮೈಯಾದ ಕಬ್ಬಿಣಕ್ಕೆ ಮರುರಾತ್ರಿಯೇ ಜಂಗು. (ಆ ನೀಲಿಗಪ್ಪು ಸಹ ಕಬ್ಬಿಣವು ಹವೆಯ ಆಮ್ಲಜನಕದೊಡನೆ ಕೂಡಿದ ಒಂದು ರೂಪವೇ, ಜಂಗಿನ ದಾಯಾದಿ, ಆದರೆ ಮನೆಯನ್ನು ಕಾಯುವ ದಾಯಾದಿ.) ಖನಿಜ ಎಣ್ಣೆ ಹಚ್ಚಿ ಒಂದು ದಿನ ನೆನೆಯಬಿಟ್ಟು, ಹಳೆಯ ತಾಮ್ರದ ಕಾಲಾಣೆಯ ಅಂಚಿನಿಂದ ಮೆಲ್ಲಗೆ ಕೆರೆದರೆ ಜಂಗು ಏಳುವದು; ತಾಮ್ರವು ಉಕ್ಕಿಗಿಂತ ಮೆದುವಾದ್ದರಿಂದ ಗೀರು ಬೀಳುವದಿಲ್ಲ. ಈ ಕೆಲಸವನ್ನೆಲ್ಲ ಲೈಸೆನ್ಸುದಾರರಾದ ಯಜಮಾನರೇ ಮಾಡತಕ್ಕದ್ದು. ಮೊದಲು ಗಜವನ್ನು ಇಳಿಬಿಟ್ಟು, ನಳಿಗೆಯ ತಳ ಮುಟ್ಟಿತೋ ಇಲ್ಲವೋ ಎಂದು ಹೊರಗಿನಿಂದ ಅಳೆದು ನೋಡಲಿ. ಒಳಗೆ ಹಳೆಯ ಮದ್ದು ಉಳಿದ ಬಂದೂಕನ್ನು ಬರಿದೆಂದು ನಂಬಿ ಕೆಟ್ಟವರಿದ್ದಾರೆ. ಬಿಸಿನೀರು, ಹಳೆಯ ಧೋತರದ ಚಿಂದಿ, ಎಣ್ಣೆಯ ಶೀಶೆ ಇವನ್ನು ಅಣಿಮಾಡಿಕೊಡುವ ಅಧಿಕಾರ ತಮ್ಮದು.

ಆದರೆ ನಮಗೆ ಚಿಂತೆಯಾದದ್ದು ಪತ್ರದಲ್ಲಿಯ ಬೇರೊಂದು ವಾಕ್ಯದಿಂದ. “ಒಳಗೆ ಚಿಂದಿ ಹಾಕಿ ಎಳೆದರೆ ನಡುವೆ ಎಲ್ಲಿಯೋ ಸಿಕ್ಕಿಕೊಳ್ಳುತ್ತದೆ” ಎಂದು ಬರೆದಿದ್ದೀರಿ. ಹೊರಗಿನ ಜಂಗು ಅಂದಗೇಡು. ಒಳಗಿನ ಜಂಗು ಗಂಡಾಂತರ. ಚಿಂದಿ ಸಿಕ್ಕಿಕೊಳ್ಳುವದೆಂದರೆ ಒಳಗೆ ಕುಳಿ ಬಿದ್ದಿರಬಹುದು. ಕುಳಿ ಬಿದ್ದಲ್ಲಿ ಕಬ್ಬಿಣವು ತೆಳುವಾಗಿರುವದು, ಮತ್ತು ಅದು ಎಷ್ಟು ತೆಳುವಾಗಿದೆಯೆಂಬದು ಹೊರಗಿನಿಂದ ಕಾಣಿಸುವದಿಲ್ಲ. ಮದ್ದಿನ ಪೆಟ್ಟಿಗೆ ಅದು ಸೀಳಿದರೆ ನಳಿಗೆಯನ್ನು ಹಿಡಿದ ಎಡಗೈ ಮೊದಲು ಹೋಗುವದು. ಇದಕ್ಕೆ ಯಾವ ಶೀಶೆಯಲ್ಲಿಯೂ ಔಷಧವಿಲ್ಲ. ಆದ್ದರಿಂದ ಯಜಮಾನರು ಲೈಸೆನ್ಸಿನ ಪುಸ್ತಕದೊಡನೆ ಬಂದೂಕನ್ನು ಬೆಳಗಾವಿಗೆ ಒಯ್ದು, ಪರವಾನಗಿಯುಳ್ಳ ಬಂದೂಕು ದುರಸ್ತಿಗಾರರಿಂದ ನಳಿಗೆಯನ್ನು ಪರೀಕ್ಷಿಸಿಕೊಂಡು ಬರಲಿ. ಊರ ಕಮ್ಮಾರನ ಬಳಿ ಒಯ್ಯಬೇಡಿರಿ. ಅದು ಕಾಯದೆಗೂ ವಿರುದ್ಧ, ಜೀವಕ್ಕೂ ಕೇಡು. ಅವರು ಒಳ್ಳೆಯದಿದೆಯೆಂದು ಹೇಳುವವರೆಗೆ ಒಂದು ಕೇಪನ್ನೂ ಸಿಡಿಸಕೂಡದು, ಬರಿಯ ಮದ್ದಾದರೂ ಸರಿಯೇ. ಅಷ್ಟು ದಿನ ಗದ್ದೆಗೆ ಡಬ್ಬಿ ಬಡಿಯುವವರನ್ನು ಕಳಿಸಿರಿ. ಒಂದೆರಡು ಮೂಟೆ ಭತ್ತ ಹಂದಿಯ ಪಾಲಾದರೆ ಆಗಲಿ.

ಪರೀಕ್ಷೆಯಲ್ಲಿ ಏನು ಹೇಳಿದರೆಂಬದನ್ನು ಒಂದು ಕಾರ್ಡಿನಲ್ಲಿ ತಿಳಿಸಿದರೆ ನಮಗೂ ನಿದ್ರೆ ಹತ್ತುವದು.